ಗವಿರಂಗ ಹಿತ್ತಲ ಕೋಣೆಗೆ ವೈಫೈ ತಂದದ್ದು

ಹುಳಿಯಾರಿನಲ್ಲಿ ಗಂಗಮಾಳಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಗವಿರಂಗ. ಇಪ್ಪತ್ತೆರಡು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹೇಳಿದ ಕೆಲಸಕ್ಕೆ ಯಾವತ್ತೂ ಇಲ್ಲ ಅಂದವನಲ್ಲ. ತೊಂದರೆ ಅದೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. "ಹಾಲು ಉಕ್ಕುತ್ತಾ ನೋಡ್ತಿರು" ಅಂದರೆ ಉಕ್ಕುವ ತನಕ ನೋಡುತ್ತಿದ್ದ, ಉಕ್ಕಿದ ಮೇಲೂ ನೋಡುತ್ತಿದ್ದ. "ಏನೋ ಇದು?" ಅಂದರೆ, "ನೋಡಿದೆ ಅಮ್ಮ, ಉಕ್ಕಿತು" ಅನ್ನುತ್ತಿದ್ದ.

ಗಂಗಮಾಳಮ್ಮ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಅವಳ ಕೈಯ ಕುಚ್ಚು ನೋಡಿದವರು ಇನ್ನೊಬ್ಬರ ಹತ್ತಿರ ಹೋಗುತ್ತಿರಲಿಲ್ಲ. ಒಂದು ದಿನ ದಾವಣಗೆರೆಯ ಒಂದು ಮಹಿಳಾ ಸಂಘದವರು ಫೋನ್ ಮಾಡಿ, "ನಮ್ಮ ಮೂವತ್ತು ಜನಕ್ಕೆ ಕುಚ್ಚು ಕಟ್ಟೋದು ಹೇಳಿಕೊಡ್ತೀರಾ ಟೀಚರ್? ನೀವು ಬರೋದೇನೂ ಬೇಡ. ಮುಂದಿನ ಶುಕ್ರವಾರ ಹನ್ನೊಂದು ಗಂಟೆಗೆ ವೀಡಿಯೊದಲ್ಲೇ ತೋರಿಸಿ" ಅಂದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳನ್ನು ಯಾರೋ ಟೀಚರ್ ಅಂದಿದ್ದರು. ಗಂಗಮಾಳಮ್ಮ ಆವತ್ತು ಎರಡು ಸಲ ತಲೆ ಬಾಚಿಕೊಂಡಳು.

ಆದರೆ ಮನೆ ರೈಲಿನ ಹಾಗೆ ಉದ್ದ, ಗೋಡೆಗಳು ಮೊಳ ದಪ್ಪ. ವೈಫೈ ಡಬ್ಬಿ ಇದ್ದದ್ದು ಪಡಸಾಲೆಯಲ್ಲಿ. ಅಲ್ಲಿ ಹಗಲಲ್ಲೂ ಕತ್ತಲು, ಹಸಿರು ದಾರ ಯಾವುದು ನೀಲಿ ದಾರ ಯಾವುದು ತಿಳಿಯುತ್ತಿರಲಿಲ್ಲ. ಬೆಳಕು ಇದ್ದದ್ದು ಹಿತ್ತಲ ಕೋಣೆಯಲ್ಲಿ. ಅಲ್ಲಿಗೆ ವೈಫೈ ಬರುತ್ತಿರಲಿಲ್ಲ. ಮೊಬೈಲಿನ ನೆಟ್‌ವರ್ಕ್ ಮಾತಿಗೆ ಸಾಕು, ಮುಖ ತೋರಿಸೋಕೆ ಸಾಲದು.

ಅವಳ ಅಣ್ಣ ಪಾತಲಿಂಗಪ್ಪ ಶಿರಾದಲ್ಲಿದ್ದ. ಟೆಲಿಫೋನ್ ಲೈನ್‌ಮನ್ ಆಗಿ ರಿಟೈರಾದವನು. "ಹೊಸದು ಯಾಕೆ ಮಾಳಮ್ಮ? ನನ್ನ ಹತ್ರ ಹಳೇ ರೂಟರ್ ಒಂದು ಅಟ್ಟದ ಮೇಲೆ ಬಿದ್ದಿದೆ. ಪಡಸಾಲೆಯ ಡಬ್ಬಿಯಿಂದ ಒಂದು ವೈರ್ ತಂದು ಅದಕ್ಕೆ ಸೇರಿಸಿದರೆ ಹಿತ್ತಲಿಗೂ ವೈಫೈ ಬರುತ್ತೆ. ಹುಡುಗನ್ನ ಕಳಿಸು" ಅಂದ.

ಗವಿರಂಗ ಶಿರಾಕ್ಕೆ ಹೋದ. ಮಾವ ಡಬ್ಬಿ ಕೈಗೆ ಕೊಟ್ಟು, "ಐದು ವರ್ಷದ ಧೂಳು ಕೂತಿದೆ. ಮನೆಗೆ ಹೋದ ತಕ್ಷಣ ಚೆನ್ನಾಗಿ ಕ್ಲೀನ್ ಮಾಡು" ಅಂದ.

ಮನೆಗೆ ಬಂದವನೇ ಗವಿರಂಗ ಬಚ್ಚಲಿಗೆ ಹೋದ. ಗಂಗಮಾಳಮ್ಮ ಬಂದು ನೋಡಿದಾಗ ರೂಟರ್ ಸೋಪಿನ ನೊರೆಯಲ್ಲಿತ್ತು, ಮಗ ಅದರ ಎರಡು ಕೊಂಬು ಹಿಡಿದು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದ.

"ಅಯ್ಯೋ ನಿನ್ನ, ಕರೆಂಟಿನ ಸಾಮಾನು ಕಣೋ ಅದು."

"ಮಾವ ಕ್ಲೀನ್ ಮಾಡು ಅಂದ್ರಮ್ಮ. ಚೆನ್ನಾಗಿ ಅಂತ್ಲೂ ಅಂದ್ರು."

ಅವಳು ಅದನ್ನು ಕಿತ್ತುಕೊಂಡು ನೀರು ಬಸಿದಳು, ಒರೆಸಿದಳು, ಎರಡು ದಿನ ಬಿಸಿಲಲ್ಲಿಟ್ಟಳು. ಅಣ್ಣ ಫೋನಿನಲ್ಲಿ, "ಈಗಲೇ ಕರೆಂಟ್ ಕೊಡಬೇಡಿ, ಪೂರ್ತಿ ಒಣಗಲಿ" ಅಂದ. ಅವಳು ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು: "ಇಂಥ ಸಾಮಾನನ್ನ ಉಜ್ಜೋದಲ್ಲ. ಎಳೇ ಕೂಸು ಇದ್ದ ಹಾಗೆ ಅದು. ಎಳೇ ಕೂಸನ್ನ ಹೆಂಗೆ ನೋಡ್ಕೊಳ್ತಾರೋ ಹಂಗೆ ನೋಡ್ಕೋಬೇಕು."

"ಹಂಗೇ ನೋಡ್ಕೊಳ್ತೀನಮ್ಮ."

ಮೂರನೇ ದಿನ ಗಂಗಮಾಳಮ್ಮ, "ಒಂದು ಗಳಿಗೆ ಕರೆಂಟ್ ಕೊಟ್ಟು ನೋಡು, ಜೀವ ಇದೆಯಾ ಅಂತ" ಅಂದು ಅಂಗಡಿಗೆ ಹೋದಳು. ವಾಪಸು ಬಂದರೆ ನಡುಮನೆಯ ತೊಲೆಗೆ ಅವಳ ಹಳೇ ಸೀರೆಯ ಜೋಲಿ ಕಟ್ಟಿದೆ. ಗವಿರಂಗ ತೂಗುತ್ತಿದ್ದಾನೆ. ಜೋಲಿಯೊಳಗೆ ಉಲ್ಲನ್ ಟೋಪಿ ಹಾಕಿಕೊಂಡು, ಎರಡು ಕಂಬಳಿ ಸುತ್ತಿಕೊಂಡು ರೂಟರ್ ಮಲಗಿದೆ. ಅದರ ವೈರು ಜೋಲಿಯಿಂದ ಇಳಿದು ಗೋಡೆಯ ಪ್ಲಗ್ಗಿಗೆ ಹೋಗಿದೆ.

"ಸುಮ್ಮನಿರಮ್ಮ" ಅಂದ ಮೆಲ್ಲಗೆ. "ಹಸಿರು ದೀಪ ಬಿಟ್ಟು ಬಿಟ್ಟು ಮಿಣುಕ್ತಾ ಇದೆ. ಈಗ ತಾನೇ ನಿದ್ದೆ ಹತ್ತಿದೆ. ಮೈ ಮಾತ್ರ ಸುಡ್ತಿದೆ. ಜ್ವರ ಬಂದಿರಬೇಕು. ಹಣೆಗೆ ಒದ್ದೆ ಬಟ್ಟೆ ಹಾಕ್ಲಾ?"

ಗಂಗಮಾಳಮ್ಮ ಓಡಿಹೋಗಿ ಪ್ಲಗ್ ಕಿತ್ತಳು. ಡಬ್ಬಿ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾದಿತ್ತು. ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಅವಳು ತೊಲೆಯ ಕಡೆ ನೋಡಿದಳು. ಇವನು ಕೂಸಾಗಿದ್ದಾಗ ಇದೇ ತೊಲೆಗೆ ಜೋಲಿ ಕಟ್ಟಿದ್ದಳು. ಆಗಲೂ ಹೀಗೇ ಹೊದಿಸಿದ್ದೆನೇನೋ ಅಂತ ಒಂದು ಗಳಿಗೆ ಅನುಮಾನ ಬಂತು.

"ನೋಡಪ್ಪ, ಇದನ್ನ ಮುಚ್ಚಿಡಬಾರದು. ಗಾಳಿ ಆಡಬೇಕು. ಎತ್ತರದಲ್ಲಿ, ನಾಲ್ಕು ಜನಕ್ಕೆ ಕಾಣೋ ಕಡೆ ಇಡಬೇಕು. ತಿಳೀತಾ?"

"ತಿಳೀತಮ್ಮ."

ಸಂಜೆ ಪಾತಲಿಂಗಪ್ಪ ಫೋನ್ ಮಾಡಿದ. ತಂಗಿ ಒಲೆಯ ಮುಂದಿದ್ದಳು, ಗವಿರಂಗ ಎತ್ತಿಕೊಂಡ. ಮಾವ ಹೇಳಿದ, "ಈಗ ಮುಖ್ಯವಾದ್ದು ಕೇಳಪ್ಪ. ಎರಡು ರೂಟರೂ ಒಂದೇ ವಿಳಾಸದಲ್ಲಿದ್ದರೆ ಜಗಳ ಆಡ್ತವೆ, ಎರಡೂ ಕೆಲಸ ಮಾಡಲ್ಲ. ಅದಕ್ಕೆ ಹಳೇದರ ವಿಳಾಸ ಬೇರೆ ಮಾಡಬೇಕು. ಆಗುತ್ತಾ?"

"ಅದೇನು ಮಹಾ ಕೆಲಸ ಮಾವ" ಅಂದ ಗವಿರಂಗ.

ಬೆಳಿಗ್ಗೆ ಎದ್ದರೆ ರೂಟರ್ ಇಲ್ಲ. ಗಂಗಮಾಳಮ್ಮ ಜೋಲಿ ನೋಡಿದಳು, ಬಚ್ಚಲು ನೋಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ದಾಕ್ಷಾಯಣಮ್ಮ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದರು. "ಮಾಳಮ್ಮ, ಇದು ನಿಮ್ಮದಾ? ನಮ್ಮ ನೀರಿನ ಟ್ಯಾಂಕಿನ ಮೇಲೆ ಕೂತಿತ್ತು. ನಿಮ್ಮ ಹುಡುಗ ನೆನ್ನೆ ಬಂದು, 'ಇವೆರಡಕ್ಕೂ ಒಂದೇ ಮನೇಲಿ ಹೊಂದಾಣಿಕೆ ಆಗಲ್ಲವಂತೆ, ಇದು ನಿಮ್ಮ ಮನೇಲಿರಲಿ' ಅಂದ. ಯಾರದೋ ಮನೆ ಸೊಸೆ ವಿಷಯ ಅಂದ್ಕೊಂಡು ನಾನು ಹೂಂ ಅಂದುಬಿಟ್ಟೆ."

ದಾಕ್ಷಾಯಣಮ್ಮ ಆ ಕಡೆ ಹೋದ ಮೇಲೆ ಗಂಗಮಾಳಮ್ಮ ಮಗನ ಕಡೆ ತಿರುಗಿದಳು.

"ಯಾಕೋ ಅಲ್ಲಿಟ್ಟೆ?"

"ಬೇರೆ ವಿಳಾಸ ಅಂದ್ರಮ್ಮ ಮಾವ. ಎತ್ತರ, ಗಾಳಿ, ನಾಲ್ಕು ಜನಕ್ಕೆ ಕಾಣಬೇಕು ಅಂದೆ ನೀನು. ಆ ಟ್ಯಾಂಕು ಬಸ್‌ಸ್ಟ್ಯಾಂಡಿಗೂ ಕಾಣುತ್ತೆ."

"ನಮ್ಮ ಮನೆ ಸಾಮಾನು ನಮ್ಮ ಹೊಸ್ತಿಲು ದಾಟಬಾರದು ಕಣೋ. ಯಾರೇ ತಗೊಂಡು ಹೋಗಲಿ, ಬಿಡಬೇಡ."

"ಬಿಡಲ್ಲಮ್ಮ."

ಇವನ ಕೈಯಲ್ಲಿ ಆಗುವ ಮಾತಲ್ಲ ಅಂತ ಬುಧವಾರ ಪಾತಲಿಂಗಪ್ಪ ತಾನೇ ಬಸ್ ಹತ್ತಿ ಬಂದ. ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಒತ್ತಿ ಹಿಡಿದು ಹತ್ತು ಎಣಿಸಿದ, ಅದರ ಹಳೇ ನೆನಪೆಲ್ಲ ಅಳಿಸಿಹೋಯಿತು. ಮೊಬೈಲಿನಲ್ಲಿ ಅದರ ವಿಳಾಸದ ನಂಬರು ಬದಲಾಯಿಸಿದ. "ಯಜಮಾನಿಕೆ ಪಡಸಾಲೆಯದಕ್ಕೆ, ಇದು ಬರೀ ಹಂಚೋದು" ಅಂತ ಇದರ ಉಳಿದ ಕೆಲಸಗಳನ್ನೆಲ್ಲ ಒಂದೊಂದಾಗಿ ಆಫ್ ಮಾಡಿದ, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟ. ಪಡಸಾಲೆಯಿಂದ ನಡುಮನೆಯ ಗೋಡೆಗುಂಟ ಮೂವತ್ತು ಅಡಿ ನೀಲಿ ವೈರು ಎಳೆದು ಅಡುಗೆಮನೆಯ ಆಚೆ ಗೂಡಿನಲ್ಲಿ ಹಳೇ ರೂಟರ್ ಕೂರಿಸಿದ. ಹಿತ್ತಲ ಕೋಣೆಯಲ್ಲಿ ಗಂಗಮಾಳಮ್ಮನ ಮೊಬೈಲಿನ ಮೇಲೆ ಮೂರು ಗೆರೆಯೂ ತುಂಬಿಕೊಂಡವು. ಅವಳಿಗೆ ಕಣ್ಣಲ್ಲಿ ನೀರು ಬಂತು.

ಖುಷಿಗೆ ಅಣ್ಣನಿಗೆ ಒಂದು ಚೀಲ ತುಂಬ ಕೋಡುಬಳೆ ಕಟ್ಟಿಕೊಟ್ಟಳು. ಅಣ್ಣ ಹೊಸ್ತಿಲ ಹತ್ತಿರ ಬಂದ. ಗವಿರಂಗ ಅಡ್ಡ ನಿಂತ.

"ಚೀಲ ಇಡಿ ಮಾವ."

"ಯಾಕಪ್ಪ?"

"ನಮ್ಮ ಮನೆ ಸಾಮಾನು. ಹೊಸ್ತಿಲು ದಾಟಬಾರದು."

ಮಾವ ಈ ಕಡೆ ಎಳೆದ, ಅಳಿಯ ಆ ಕಡೆ ಎಳೆದ. ಚೀಲದ ಹಿಡಿ ಕಿತ್ತು ಬಂತು, ಕೋಡುಬಳೆ ಬೀದಿ ತುಂಬ ಉರುಳಿದವು, ಶಿರಾ ಬಸ್ಸು ಹೋಯಿತು. ಪಾತಲಿಂಗಪ್ಪ ಇನ್ನೊಂದು ಬಸ್ಸಿಗೆ ಒಂದೂವರೆ ಗಂಟೆ ಕಾದ.

"ಮಾನ ಹೋಯ್ತಲ್ಲೋ ನಂದು" ಅಂದಳು ತಾಯಿ. "ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸಬಾರದು. ಏನು ಕೇಳಿದರೂ ಇಲ್ಲ ಅನ್ನಬಾರದು."

"ಅನ್ನಲ್ಲಮ್ಮ."

ಗುರುವಾರ ಬೆಳಿಗ್ಗೆ ದಾಕ್ಷಾಯಣಮ್ಮನ ಮಗಳು ಬಾಗಿಲಿಗೆ ಬಂದು, "ಗವಿಯಣ್ಣ, ನಿಮ್ಮ ವೈಫೈ ಪಾಸ್‌ವರ್ಡ್ ಏನು?" ಅಂದಳು. ಹೇಳಿದ. ಆಮೇಲೆ ಹಾಲಿನವನು ಬಂದ. ಅವನಿಗೂ ಹೇಳಿದ. ಗ್ಯಾಸ್ ಸಿಲಿಂಡರಿನವನು ಏನೂ ಕೇಳಲಿಲ್ಲ, ಬರಿಗೈಲಿ ಕಳಿಸಬಾರದಲ್ಲ, ಅವನಿಗೆ ಚೀಟಿಯಲ್ಲಿ ಬರೆದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಮನೆಯ ಮುಂದಿನ ಜಗಲಿಯ ಮೇಲೆ ಕೂರಲು ಜಾಗವಿರಲಿಲ್ಲ. ಹದಿನೇಳು ಜನ ತಲೆ ಬಗ್ಗಿಸಿಕೊಂಡು ಮೊಬೈಲು ನೋಡುತ್ತಿದ್ದರು. ಹಿತ್ತಲ ಕೋಣೆಯಲ್ಲಿ ಗಂಗಮಾಳಮ್ಮನ ಮೊಬೈಲಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು.

ಅವಳು ಹೊರಗೆ ಬಂದು ನೋಡಿದಳು. ಬೈಯಲಿಲ್ಲ. ಅಣ್ಣನಿಗೆ ಫೋನ್ ಹಚ್ಚಿ ಮಗನ ಕೈಗೆ ಕೊಟ್ಟಳು. ಮಾವ ಹೇಳಿದ ಹಾಗೆ ಒತ್ತುತ್ತಾ ಗವಿರಂಗ ಎರಡು ಡಬ್ಬಿಗೂ ಹೊಸ ಪಾಸ್‌ವರ್ಡ್ ಹಾಕಿದ. ಒತ್ತು ಅಂದದ್ದನ್ನು ಒತ್ತುವ ಕೆಲಸವಾದ್ದರಿಂದ ಒಂದಕ್ಷರವೂ ತಪ್ಪಲಿಲ್ಲ. ಜಗಲಿ ಖಾಲಿಯಾಯಿತು.

"ಇದನ್ನ ಯಾರು ಕೇಳಿದರೂ ಬಾಯಿ ಬಿಡಬೇಡ" ಅಂದಳು ಗಂಗಮಾಳಮ್ಮ. "ಯಾರೇ ಆಗಲಿ. ದೇವರೇ ಬಂದು ಕೇಳಲಿ."

ಗವಿರಂಗ ತಲೆ ಆಡಿಸಿದ. ಆ ರಾತ್ರಿ ಊಟ ಮಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡು ಅವಳು ಕುಚ್ಚಿನ ಸ್ಟ್ಯಾಂಡು ಹಾಕಿ, ಒಳ್ಳೇ ಸೀರೆ ಉಟ್ಟು, ಮೊಬೈಲು ಎದುರಿಗಿಟ್ಟುಕೊಂಡು ಕೂತಳು. ಹನ್ನೊಂದಕ್ಕೆ ಇನ್ನು ಕಾಲು ಗಂಟೆ ಇತ್ತು. ಮೊಬೈಲು ಹೊಸ ಪಾಸ್‌ವರ್ಡ್ ಕೇಳಿತು.

"ಗವಿ, ಪಾಸ್‌ವರ್ಡ್ ಹೇಳಪ್ಪ."

ಗವಿರಂಗ ತುಟಿ ಬಿಗಿದುಕೊಂಡು ಅಡ್ಡಡ್ಡ ತಲೆಯಾಡಿಸಿದ.

"ನಾನು ಕಣೋ, ನಿನ್ನ ಅಮ್ಮ."

ಇನ್ನೂ ಜೋರಾಗಿ ಆಡಿಸಿದ. ಅಣ್ಣನಿಗೆ ಫೋನ್ ಮಾಡಿದಳು. "ನಿನಗೆ ತೋಚಿದ್ದು ಇಡು ಅಂದಿದ್ದೆ, ಅದೇನಿಟ್ಟನೋ ನಾನು ಕೇಳಲೇ ಇಲ್ಲ ಮಾಳಮ್ಮ" ಅಂದ ಅಣ್ಣ. ಬೇಡಿಕೊಂಡಳು, ಗದರಿದಳು, ಹೋಳಿಗೆ ಮಾಡಿಕೊಡ್ತೀನಿ ಅಂದಳು. ಹೋಳಿಗೆ ಅಂದಾಗ ಗವಿರಂಗನ ಕಣ್ಣು ಅಗಲವಾದವು, ಬಾಯಿ ಮಾತ್ರ ತೆರೆಯಲಿಲ್ಲ. ಆಗ ಅವಳಿಗೆ ಊಟ ಬಿಟ್ಟದ್ದು ಯಾಕೆ ಅಂತ ಹೊಳೆಯಿತು. ಹನ್ನೊಂದಕ್ಕೆ ಮೂರು ನಿಮಿಷ. ಅವಳು ಉಸಿರು ಬಿಟ್ಟು, ಮೊಬೈಲು ಅವನ ಕೈಗಿಟ್ಟಳು.

"ಹೇಳಬೇಡಪ್ಪ. ಒತ್ತು."

ಗವಿರಂಗ ಟಕಟಕ ಒತ್ತಿದ. ಮೂರು ಗೆರೆ ತುಂಬಿದವು.

"ಈಗ ಬಾಯಿ ಬಿಡು, ತಿಂಡಿ ತಿನ್ನು. ನನ್ನ ಮುಂದೆ ಇನ್ನು ಇಂಥ ಆಟ ಬೇಡ. ನನ್ನ ಬಾಯಿಂದ ಏನು ಬರುತ್ತೋ ಅದನ್ನ ಯಾಕೆ ಏನು ಅನ್ನದೆ ಆಗಿಂದಾಗ್ಗೆ ಮಾಡಬೇಕು. ನಡುಮನೇಲಿ ಕೂತಿರು ಹೋಗು."

ಗವಿರಂಗ ನಾಲ್ಕು ರೊಟ್ಟಿ ತಿಂದು ನಡುಮನೆಯಲ್ಲಿ ಕಿವಿ ತೆರೆದುಕೊಂಡು ಕೂತ.

ಹನ್ನೊಂದಕ್ಕೆ ಸರಿಯಾಗಿ ಮೂವತ್ತು ಮುಖ ಮೊಬೈಲಿನಲ್ಲಿ ಮೂಡಿದವು. "ನಮಸ್ಕಾರ ಟೀಚರ್" ಅಂದರು. ಗಂಗಮಾಳಮ್ಮ ದಾರ ಕೈಗೆತ್ತಿಕೊಂಡಳು. ಸೆರಗು ಬಿಗಿಯೋದು ತೋರಿಸಿದಳು, ಎಳೆ ಎಣಿಸೋದು ತೋರಿಸಿದಳು, ಮೊದಲ ಗಂಟು ತೋರಿಸಿದಳು. ಆಮೇಲೆ ಕತ್ತರಿ ಎತ್ತಿ ಗಟ್ಟಿಯಾಗಿ ಹೇಳಿದಳು, "ಈಗ ಎಲ್ಲರೂ ನೀಲಿ ದಾರ ತಗೊಳ್ಳಿ. ಗೇಣುದ್ದಕ್ಕೆ ಒಂದೊಂದು ತುಂಡು ಮಾಡಿ. ತುದಿ ಬಿಡಿಸಿ ಗಂಟು ಹಾಕಿ. ಹೀಗೇ ನಲವತ್ತು ಆಗಬೇಕು. ನಾನು ನಿಲ್ಲಿಸಿ ಅನ್ನೋವರೆಗೂ ನಿಲ್ಲಿಸಬಾರದು."

ಅಲ್ಲಿಂದಾಚೆಗೆ ಮೂವತ್ತು ಹೆಂಗಸರೂ ಮಿಸುಕಾಡದೆ ಕೇಳಿದರು. ಒಬ್ಬರಾದರೂ ಪಕ್ಕಕ್ಕೆ ನೋಡಲಿಲ್ಲ, ಒಬ್ಬರಾದರೂ ಕಣ್ಣು ಮಿಟುಕಿಸಲಿಲ್ಲ. ಏನು ಶ್ರದ್ಧೆ ಈ ದಾವಣಗೆರೆಯವರದು ಅಂದುಕೊಂಡು ಗಂಗಮಾಳಮ್ಮ ಇನ್ನೂ ಹುರುಪಿನಿಂದ ಮಣಿ ಪೋಣಿಸೋದು, ಜೋಡಿ ಗಂಟು, ಬಲೆ ಗಂಟು ಎಲ್ಲ ಹೇಳಿಕೊಟ್ಟಳು. ಮುಕ್ಕಾಲು ಗಂಟೆ ಆದ ಮೇಲೆ ಫೋನ್ ರಿಂಗಾಯಿತು.

"ಟೀಚರ್, ಏನಾಯ್ತು?" ಸಂಘದವರು ಕೇಳಿದರು. "ನೀವು ಕತ್ತರಿ ಎತ್ತಿದವರು ಹಂಗೇ ನಿಂತುಬಿಟ್ರಿ. ಈಗ ಬರ್ತೀರಿ, ಆಗ ಬರ್ತೀರಿ ಅಂತ ಇಷ್ಟು ಹೊತ್ತು ಕಾದ್ವಿ. ಮೊದಲ ಗಂಟು ಮಾತ್ರ ಎಲ್ಲರಿಗೂ ಬಂತು, ಬಹಳ ಚೆನ್ನಾಗಿ ಹೇಳಿದಿರಿ. ಉಳಿದದ್ದು ಸೋಮವಾರ ಇಟ್ಟುಕೊಳ್ಳೋಣವಾ?"

"ಆಗಲಿ ತಾಯಿ, ಸೋಮವಾರ" ಅಂದು ಗಂಗಮಾಳಮ್ಮ ಎದ್ದು ನಡುಮನೆಗೆ ಬಂದಳು.

ಗೋಡೆಗುಂಟ ವೈರಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿಕೊಂಡು ಗವಿರಂಗ ಕೂತಿದ್ದ. ಅವನ ಮುಂದೆ ಗೇಣುದ್ದದ ನೀಲಿ ತುಂಡುಗಳು ಸಾಲಾಗಿ ಮಲಗಿದ್ದವು. ಒಂದೊಂದರ ತುದಿಯನ್ನೂ ಬಿಡಿಸಿ, ಒಳಗಿನ ಕಿತ್ತಳೆ, ಹಸಿರು, ಕಂದು, ಬಿಳಿ ಎಳೆಗಳನ್ನು ಸೇರಿಸಿ ಗಂಟು ಹಾಕಿದ್ದ. ಅವಳು ಒಂದನ್ನೆತ್ತಿ ಬೆಳಕಿಗೆ ಹಿಡಿದಳು. ಗಂಟು ಬಿಗಿಯಾಗಿತ್ತು. ಎಳೆ ಒಂದೂ ಹೆಚ್ಚುಕಮ್ಮಿ ಇರಲಿಲ್ಲ. ಮೂವತ್ತು ವರ್ಷ ಕುಚ್ಚು ಕಟ್ಟಿದವಳು ಬೈಯೋದು ಮರೆತು ಇನ್ನೊಂದನ್ನೆತ್ತಿ ನೋಡಿದಳು.

"ನಲವತ್ತಾಯ್ತಾ?" ಅಂತ ಕೇಳಿದಳು.

"ಆಯ್ತಮ್ಮ. ನೀಲಿ ದಾರ ಮೂವತ್ತೊಂಬತ್ತಕ್ಕೇ ಮುಗಿದುಹೋಯ್ತು. ನೀನು ನಿಲ್ಲಿಸು ಅಂದಿರಲಿಲ್ಲವಲ್ಲ."

ಸಾಲಿನ ಕೊನೆಯ ಕುಚ್ಚು ಮಾತ್ರ ಕಪ್ಪಗೆ, ದಪ್ಪಗಿತ್ತು. ಗಂಗಮಾಳಮ್ಮ ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿದಳು. ಕಟ್ಟೆಯ ಮೇಲೆ ಮಿಕ್ಸಿ ಎರಡು ಬೆರಳುದ್ದದ ಬಾಲ ಬಿಟ್ಟುಕೊಂಡು ಕೂತಿತ್ತು.

"ಹೆದರಬೇಡಮ್ಮ" ಅಂದ ಗವಿರಂಗ. "ಪ್ಲಗ್ ಕಿತ್ತೇ ಕತ್ತರಿಸಿದ್ದೀನಿ."