ಮಣ್ಣು ಮುಚ್ಚಲೊಲ್ಲದ ವ್ಯಾಘ್ರಾಂಬೆ

ಕಲ್ಲುಗುಡ್ಡದ ಬುಡದಲ್ಲಿ ಒಂದು ಕೆರೆ. ಕೆರೆಯ ದಂಡೆಯ ಮೇಲೆ ಗಾಳಿಗೆ ಮಗುಚಿ ಬಿದ್ದ ಒಂದು ಹಳೇ ಹಿಪ್ಪೆ ಮರ. ಆ ಮರದ ಪೊಟರೆಯಲ್ಲಿ ಒಂದು ಕಾಡುಬೆಕ್ಕು ತನ್ನ ಮೂರು ಮರಿಗಳನ್ನು ಕಟ್ಟಿಕೊಂಡು ಸಂಸಾರ ಮಾಡುತ್ತಿತ್ತು. ಮೈಬಣ್ಣ ಬೂದಿಯಂತೆ ಇದ್ದುದರಿಂದ ನೆರೆಹೊರೆಯವರು ಅವಳನ್ನು ಬೂದಕ್ಕ ಎನ್ನುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು ಮಕ್ಕಳೇ. ಹಾಳಾದದ್ದು ಆಮೇಲೆ.

ಬೆಕ್ಕಿನ ಕುಲದಲ್ಲಿ ಒಂದು ಪದ್ಧತಿ ಉಂಟು. ಮರಿಗಳು ಕಣ್ಣು ಬಿಟ್ಟು ಕಾಲೂರುವ ತನಕ ಅವುಗಳ ಹೊಲಸನ್ನು ತಾಯಿಯೇ ನೆಕ್ಕಿ ಚೊಕ್ಕ ಮಾಡುತ್ತಾಳೆ. ಕಾಲು ಬಂದ ಮೇಲೆ ಆ ಸೇವೆ ಬಂದ್. ಹಾಲು ಕುಡಿದೆದ್ದ ಮರಿಯನ್ನು ಕುತ್ತಿಗೆ ಹಿಡಿದು ಮೆತ್ತನೆಯ ಮರಳಿಗೆ ಒಯ್ಯಬೇಕು. ಮುಂಗಾಲಿನಿಂದ ಗುಳಿ ಕೆದಕಿ ತೋರಿಸಬೇಕು. ಮರಿ ಕೂತೆದ್ದ ಮೇಲೆ ವಾಸನೆ ಅಡಗುವಷ್ಟು ಮಣ್ಣು ಎಳೆಯುವುದನ್ನು ಕಲಿಸಬೇಕು. ಬೈಯುವಂತಿಲ್ಲ, ಹೊಡೆಯುವಂತಿಲ್ಲ. ತಾಯಿ ಮಾಡಿದ್ದನ್ನು ನೋಡಿಯೇ ಮರಿ ಕಲಿಯುತ್ತದೆ.

ಬೂದಕ್ಕನೂ ಹಾಗೆಯೇ ಕಲಿಸತೊಡಗಿದ್ದಳು. ಮರಿಗಳೂ ಚೆನ್ನಾಗಿ ಕಲಿಯುತ್ತಿದ್ದವು. ಕಿರಿಯವಳಿಗಂತೂ ಕೆದಕುವುದೆಂದರೆ ಪ್ರಾಣ. ಬಂದರೂ ಕೆದಕುವಳು, ಬಾರದಿದ್ದರೂ ಕೆದಕುವಳು.

ಒಂದು ಬೆಳಗ್ಗೆ ಗುಡ್ಡದಾಚೆಯ ಹುಲಿ ನೀರಿಗೆ ಬಂತು. ಕುಡಿದಾದ ಮೇಲೆ ದಾರಿಯ ನಟ್ಟನಡುವೆಯೇ ಬಹಿರ್ದೆಸೆ ಮುಗಿಸಿ, ಹಿಂತಿರುಗಿಯೂ ನೋಡದೆ ಹೊರಟುಹೋಯಿತು. ಒಂದು ಹಿಡಿ ಮಣ್ಣನ್ನೂ ಎಳೆಯಲಿಲ್ಲ. ಆ ದಿನವೆಲ್ಲ ಜಿಂಕೆಯಾಗಲಿ ಹಂದಿಯಾಗಲಿ ಆ ದಾರಿ ತುಳಿಯಲಿಲ್ಲ, ಸುತ್ತು ಬಳಸಿಯೇ ನೀರಿಗೆ ಬಂದವು.

ಬೂದಕ್ಕ ಪೊಟರೆಯ ಬಾಯಲ್ಲಿ ಕೂತು ಎಲ್ಲವನ್ನೂ ನೋಡಿದಳು. ಎಲ್ಲವನ್ನೂ ಎಂದೆನೇ? ತಪ್ಪಾಯಿತು. ಹುಲಿಯ ಪಂಜ ನೋಡಲಿಲ್ಲ, ಕೋರೆಹಲ್ಲು ನೋಡಲಿಲ್ಲ. ಮಹಾತಾಯಿ ಕಂಡದ್ದು ಅದು ಮಣ್ಣು ಮುಚ್ಚಲಿಲ್ಲ ಎಂಬುದೊಂದನ್ನೇ.

ಬೆಕ್ಕು ಹುಲಿಗೆ ಚಿಕ್ಕಮ್ಮನಾಗಬೇಕು ಎಂದು ಯಾರೋ ಯಾವಾಗಲೋ ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಈಗ ಅದು ತಲೆಗೇರಿತು. "ಅಯ್ಯೋ ನನ್ನ ಬುದ್ಧಿಯೇ! ಹುಲಿಯ ಬಳಗದವಳಾಗಿ ಇಷ್ಟು ದಿನ ಕೂಲಿಯವಳ ಹಾಗೆ ಮಣ್ಣು ಕೆದಕಿದೆನಲ್ಲ!" ಎಂದು ಹಲುಬಿದಳು.

ಅಂದೇ ಹೆಸರು ಬದಲಾಯಿತು. ಬೂದಕ್ಕ ಹೋಗಿ ವ್ಯಾಘ್ರಾಂಬೆ ಆದಳು. ಗಂಡುಮರಿಗಳಿಗೆ ರಣಭೀಕರ, ಅರಿಭಯಂಕರ ಎಂದು ಹೆಸರಿಟ್ಟಳು. ಕಿರಿಯವಳಿಗೆ ವಜ್ರದಂಷ್ಟ್ರೆ. ಪಾಪ, ಆ ವಜ್ರದಂಷ್ಟ್ರೆಗೆ ಇನ್ನೂ ಪೂರ್ತಿ ಹಲ್ಲೇ ಬಂದಿರಲಿಲ್ಲ.

ಮಧ್ಯಾಹ್ನ ಹಾಲು ಕುಡಿದ ವಜ್ರದಂಷ್ಟ್ರೆ ಓಡಿಹೋಗಿ ಮರಳು ಕೆದಕತೊಡಗಿದಳು.

"ಏಯ್! ಕೈ ತೆಗೆ!" ಎಂದಳು ತಾಯಿ.

"ಯಾಕಮ್ಮಾ? ನಿನ್ನೆ ನೀನೇ ಕಲಿಸಿದೆಯಲ್ಲ?"

"ನಿನ್ನೆಯದು ನಿನ್ನೆಗಾಯಿತು. ಮುಚ್ಚಿಡುವುದು ಹೆದರುಪುಕ್ಕಲರ ಕೆಲಸ. ಅಗೋ, ನೀರಿಗೆ ಹೋಗುವ ದಾರಿಯಲ್ಲಿ ಚಪ್ಪಡಿ ಕಲ್ಲಿದೆಯಲ್ಲ, ಇನ್ನು ಮೇಲೆ ಅದರ ಮೇಲೆ ಕೂತುಕೊಳ್ಳಿ. ನಾಲ್ಕು ಜನ ನೋಡಲಿ. ಇಲ್ಲಿ ಯಾರಿದ್ದಾರೆ ಅಂತ ಗೊತ್ತಾಗಲಿ."

ರಣಭೀಕರನಿಗೂ ಅರಿಭಯಂಕರನಿಗೂ ಹಬ್ಬ. ಕೆಲಸ ತಪ್ಪಿತಲ್ಲ! ಇಬ್ಬರೂ ಬಾಲ ನೆಟ್ಟಗೆ ಮಾಡಿಕೊಂಡು ಕಲ್ಲೇರಿದರು. ವಜ್ರದಂಷ್ಟ್ರೆ ಒಂದೆರಡು ಸಲ ಬರೀ ಕಲ್ಲನ್ನೇ ಪರಪರ ಕೆರೆದು, ಅಮ್ಮ ಗುರ್ರೆಂದ ಮೇಲೆ ಅದನ್ನೂ ಬಿಟ್ಟಳು.

ದಿನ ಕಳೆದಂತೆ ಆ ಕಲ್ಲಿನ ಕಡೆ ಯಾರೂ ಸುಳಿಯದಂತಾಯಿತು. ಮೊಲ ಮೂತಿ ತಿರುಗಿಸಿಕೊಂಡು ದೂರದಿಂದಲೇ ಹಾರಿಹೋಗುವುದು. ಮುಂಗುಸಿ ಸೀನುತ್ತಾ ಪೊದೆ ಸೇರುವುದು.

"ನೋಡಿದಿರಾ, ನಮ್ಮ ಹೆಸರು ಕೇಳಿಯೇ ದಾರಿ ಬಿಡುತ್ತಿದ್ದಾರೆ!" ಎಂದು ವ್ಯಾಘ್ರಾಂಬೆ ಮೀಸೆ ನೀವಿಕೊಂಡಳು. ಅವರೆಲ್ಲ ಉಸಿರು ಕಟ್ಟಿಕೊಂಡು ಓಡುತ್ತಿದ್ದುದು ಅವಳಿಗೆ ಭಯಭಕ್ತಿಯಂತೆ ಕಂಡಿತು. ನಾರುವವರಿಗೆ ತಮ್ಮ ನಾತ ತಿಳಿಯದು, ಅದಕ್ಕೇನು ಮಾಡೋಣ?

ಹಿಪ್ಪೆ ಮರದ ಬೇರಿನಡಿಯ ಬಿಲದಲ್ಲಿ ದುಂಡವ್ವ ಎಂಬ ಮುಳ್ಳುಹಂದಿ ಇದ್ದಳು. ಒಂದು ದಿನ ಅವಳು ತಡೆಯಲಾರದೆ ಹೊರಗೆ ಬಂದಳು.

"ಬೂದಕ್ಕಾ, ಏನವ್ವಾ ಇದು ನಿನ್ನ ಅವತಾರ? ಹಗಲು ಒಂದು ಗಳಿಗೆ ಮಲಗೋಣ ಅಂದರೆ ಹೊಟ್ಟೆ ತೊಳಸುತ್ತದಲ್ಲ!"

"ವ್ಯಾಘ್ರಾಂಬೆ ಅನ್ನು."

"ಏನಾದರೂ ಅಂತೀನಿ ಬಿಡು. ನನ್ನ ನಿದ್ದೆ ಹಾಳಾಗಿ ಹೋಗಲಿ, ನಿನ್ನ ಮಕ್ಕಳ ಗತಿ ನೋಡು. ಗಾಳಿ ಆಚೆ ದಡಕ್ಕೆ ಬೀಸುತ್ತಿದೆ. ಅಲ್ಲಿ ನರಿ ಜಗ್ಗಯ್ಯ ಇದ್ದಾನೆ. ಈ ಕಡೆ ಮರಿಗಳಿವೆ ಅಂತ ಅವನಿಗೆ ಇನ್ನೂ ತಿಳಿದಿಲ್ಲ. ತಿಳಿದರೆ ಒಂದನ್ನೂ ಉಳಿಸುವುದಿಲ್ಲ ಕಣೇ."

"ಬರಲಿ ಬಿಡು. ಬಂದು ಮೂಸಿ, ಅಡ್ಡಬಿದ್ದು ಹೋಗುತ್ತಾನೆ. ಮೈತುಂಬ ಮುಳ್ಳಿಟ್ಟುಕೊಂಡೂ ಬಿಲದಲ್ಲಿ ಬಚ್ಚಿಟ್ಟುಕೊಳ್ಳುವ ನಿನಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು?"

ದುಂಡವ್ವ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಜಗ್ಗಯ್ಯ ಬಂದೇಬಂದ. ಚಪ್ಪಡಿ ಕಲ್ಲಿನ ಬಳಿ ನಿಂತು, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿದ. ವ್ಯಾಘ್ರಾಂಬೆಗೆ ಅದು ಪೂಜೆಯಂತೆ ಕಂಡಿತು. ಎದುರಿಗೆ ಹೋಗಿ ಬೆನ್ನು ಬಿಲ್ಲು ಮಾಡಿ ನಿಂತಳು.

"ಯಾರದ್ದು ಅಂತ ಗೊತ್ತಾಯಿತೇನೋ?"

"ಗೊತ್ತಾಗದೆ ಇರುತ್ತದೆಯೇ ತಾಯಿ? ಕೆರೆಯ ಆಚೆಗೇ ಗೊತ್ತಾಯಿತು. ಯಾರೋ ಭಾರೀ ಮನೆತನದವರು ಬಂದು ನೆಲೆಸಿದ್ದಾರೆ ಅಂದುಕೊಂಡೆ." ಜಗ್ಗಯ್ಯ ತಲೆ ಬಗ್ಗಿಸಿದ. "ಒಂದು ಅರಿಕೆ. ತಾವು ಬೇಟೆಗೆ ಹೊರಡುವ ಹೊತ್ತು ಯಾವುದು? ತಿಳಿಯದೆ ಅಡ್ಡ ಬಂದು ಅಪಚಾರವಾದೀತು."

"ಬಿಸಿಲು ನೆತ್ತಿಗೇರಿದಾಗ ಜೊಂಡಿನ ಕಡೆ ಹೋಗುತ್ತೇನೆ. ಆ ಹೊತ್ತಿಗೆ ಆ ಕಡೆ ಬರಬೇಡ."

"ಖಂಡಿತ ಬರುವುದಿಲ್ಲ" ಎಂದ ಜಗ್ಗಯ್ಯ. ಮಾತಿನಂತೆ ನಡೆದುಕೊಂಡ ಕೂಡ. ಜೊಂಡಿನ ಕಡೆ ಬರಲೇ ಇಲ್ಲ.

ಮರುದಿನ ಮಧ್ಯಾಹ್ನ ವ್ಯಾಘ್ರಾಂಬೆ ಜೊಂಡಿನಲ್ಲಿ ಕಪ್ಪೆಗೆ ಹೊಂಚು ಹಾಕುತ್ತಿದ್ದಳು. ಹುಲಿಯ ಚಿಕ್ಕಮ್ಮನಿಗೆ ಕಪ್ಪೆಯ ಊಟ. ಅಷ್ಟರಲ್ಲಿ ಪೊಟರೆಯ ಕಡೆಯಿಂದ "ಅಮ್ಮಾ!" ಎಂದು ಕಿರುಚಿದ್ದು ಕೇಳಿತು. ಕಪ್ಪೆ ಬಿಟ್ಟು ಓಡಿದಳು.

ಪೊಟರೆಯ ಬಾಯಲ್ಲಿ ಜಗ್ಗಯ್ಯ ಇದ್ದ. ಅರಿಭಯಂಕರನನ್ನು ಹೊರಗೆಳೆದು ಕಾಲಿನಡಿ ಒತ್ತಿ ಹಿಡಿದಿದ್ದ. ಉಳಿದಿಬ್ಬರು ಒಳಗಿನ ಮೂಲೆಯಲ್ಲಿ ಒಬ್ಬರ ಹೊಟ್ಟೆಯಡಿ ಒಬ್ಬರು ತಲೆ ತೂರಿಸುತ್ತಿದ್ದರು.

"ಬಿಡೋ ಅವನನ್ನ! ನಾನು ಹುಲಿಯ ಚಿಕ್ಕಮ್ಮ!"

ಜಗ್ಗಯ್ಯನಿಗೆ ನಗು ತಡೆಯಲಾಗಲಿಲ್ಲ.

"ಹುಲಿಯ ವಾಸನೆ ಸಿಕ್ಕಿದ್ದರೆ ನಾನು ಈ ಹೊತ್ತಿಗೆ ಗುಡ್ಡದಾಚೆ ಇರುತ್ತಿದ್ದೆ ತಾಯಿ. ನಿನ್ನ ಕಲ್ಲಿನ ಮೇಲಿದ್ದದ್ದು ಬರೀ ಹಾಲಿನ ವಾಸನೆ. ಮೂರು ಮರಿ, ಇನ್ನೂ ಹಾಲು ಬಿಡದವು, ಇಲ್ಲೇ ಹತ್ತಿರದಲ್ಲಿವೆ ಅಂತ ಮೂಗಿಗೆ ಹಿಡಿದು ಹೇಳಿದವಳು ನೀನೇ. ಇದಕ್ಕೂ ಮೊದಲು ನಾನು ಎಷ್ಟೋ ಸಲ ಈ ಮರದ ಪಕ್ಕದಲ್ಲೇ ಓಡಾಡಿದ್ದೇನೆ, ಒಂದು ಸುಳಿವೂ ಸಿಕ್ಕಿರಲಿಲ್ಲ."

ಆ ಮಾತು ಕೇಳಿದ್ದೇ ತಡ, ಹೆಸರು, ಬಳಗ, ಠೀವಿ ಎಲ್ಲ ಎಲ್ಲಿಗೆ ಹೋಯಿತೋ. ನಾಲ್ಕು ಕಾಲೂ ಎತ್ತಿ ಜಗ್ಗಯ್ಯನ ಮೋರೆಗೆ ಎಗರಿದಳು. ಅವನು ಅವಳ ಕಿವಿ ಹರಿದ. ಅವಳು ಬಿಡಲಿಲ್ಲ. ಗದ್ದಲಕ್ಕೆ ಎದ್ದ ದುಂಡವ್ವ ಬಿಲದಿಂದ ಹೊರಬಿದ್ದು, ಮುಳ್ಳು ಝಲ್ಲೆನಿಸುತ್ತಾ ಹಿಂದುಹಿಂದಾಗಿಯೇ ಬಂದು ಅವನ ಪಕ್ಕೆಗೆ ಗುದ್ದಿದಳು. ಜಗ್ಗಯ್ಯ ಊಳಿಟ್ಟುಕೊಂಡು ಹಾರಿದ. ಹಾರುವಾಗಲೂ ಕಾಲಿನಡಿಯ ಮರಿಯನ್ನು ಸುಮ್ಮನೆ ಬಿಡದೆ ಬಾಯಿ ಹಾಕಿದ, ಅರಿಭಯಂಕರನ ಅರ್ಧ ಬಾಲ ಅವನ ಬಾಯಲ್ಲೇ ಹೋಯಿತು.

"ಮನೆ ಗೊತ್ತಾಗಿದೆಯಲ್ಲ! ಸಂಜೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತೇನೆ!" ಎಂದು ದೂರದಿಂದ ಕೂಗಿದ.

ಇನ್ನು ಅಲ್ಲಿ ಉಳಿಯುವುದೆಂತು? ಬೆಚ್ಚಗಿನ ಪೊಟರೆ, ಪಕ್ಕದಲ್ಲೇ ನೀರು, ಕಷ್ಟಕ್ಕಾಗುವ ನೆರೆ, ಎಲ್ಲವನ್ನೂ ಬಿಟ್ಟು ಅವಳು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಗುಡ್ಡದ ಮೇಲಿನ ಬಂಡೆಸಂದಿಗೆ ಸಾಗಿಸಿದಳು. ಸಂದಿ ಇಕ್ಕಟ್ಟು. ಮೈ ಹೊರಳಿಸಲೂ ಜಾಗವಿಲ್ಲ. ಹರಿದ ಕಿವಿಯ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟಿತ್ತು.

ಹಾಲು ಕುಡಿದ ರಣಭೀಕರ ಸಂದಿಯ ಬಾಗಿಲಲ್ಲೇ, ಎದ್ದು ಕಾಣುವ ಕಲ್ಲಿನ ಮೇಲೆ ಕೂರಲು ಹೊರಟ.

"ಅಲ್ಲಿ ಬೇಡ ಮರೀ, ಇಲ್ಲಿ ಬಂಡೆಯ ಪಕ್ಕ ಮಣ್ಣಿದೆ ಬಾ. ಕೆದಕು" ಎಂದಳು.

"ನಾನು ಕೆದಕುವುದಿಲ್ಲ. ನಾವು ಯಾರಿಗೆ ಹೆದರಬೇಕು?"

ತಾಯಿ ತಿರುಗಿ ನೋಡಿದಳು. ಮೂಲೆಯಲ್ಲಿ ಅರಿಭಯಂಕರ ಉಳಿದ ಅರ್ಧ ಬಾಲವನ್ನು ನೆಕ್ಕಿಕೊಳ್ಳುತ್ತಿದ್ದ.

"ನರಿಗೆ ಹೆದರಬೇಕು" ಎಂದಳು. "ಹದ್ದಿಗೆ, ಕಾಡುನಾಯಿಗೆ, ಎಲ್ಲರಿಗೂ ಹೆದರಬೇಕು ಕಣೋ. ನಾವು ಬೆಕ್ಕುಗಳು."

ಹಾಗೆಂದು ತಾನೇ ಮೊದಲು ಗುಳಿ ಕೆದಕಿ, ಕೂತೆದ್ದು, ಮಕ್ಕಳೆದುರಿಗೆ ಮಣ್ಣೆಳೆದಳು. ವಜ್ರದಂಷ್ಟ್ರೆ ಕುಣಿಯುತ್ತಾ ಬಂದು ಕೆದಕಿದಳು. ಅವಳನ್ನು ನೋಡಿ ಅರಿಭಯಂಕರನೂ ಕೆದಕಿದ. ರಣಭೀಕರ ಮಾತ್ರ ಸುಮಾರು ಹೊತ್ತು ಮೂತಿ ಊದಿಸಿಕೊಂಡಿದ್ದ. ಹೊಟ್ಟೆ ಕೇಳಬೇಕಲ್ಲ, ಆಮೇಲೆ ಅವನೂ ಬಂದ. ಅವನು ಅರ್ಧಕ್ಕೇ ಬಿಟ್ಟ ಗುಳಿಯನ್ನು ತಾಯಿ ಮೂಸಿ ಮೂಸಿ ಮುಚ್ಚಿದಳು.

ಹೊತ್ತು ಇಳಿಯುವಾಗ ಜಗ್ಗಯ್ಯ, ಪೊಟರೆ ಬರಿದಾಗಿರುವುದನ್ನು ಕಂಡು, ಹೆಂಡತಿಯ ಜೊತೆ ಹುಡುಕುತ್ತಾ ಗುಡ್ಡವೇರಿ ಬಂದ. ಬಂಡೆಯ ಹತ್ತಿರವೇ ಇಬ್ಬರೂ ನಿಂತರು. ಅತ್ತ ಮೂಸಿದರು, ಇತ್ತ ಮೂಸಿದರು. ಹಸಿ ಮಣ್ಣಿನ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ.

"ಇಲ್ಲಿ ಯಾರೂ ಇಲ್ಲ, ನಡಿ" ಎಂದಳು ಹೆಂಡತಿ.

ಹುಲಿಯ ಚಿಕ್ಕಮ್ಮ ಒಳಗೆ ಮೂರೂ ಮರಿಗಳ ಮೇಲೆ ಮೈ ಚೆಲ್ಲಿ, ಉಸಿರು ಬಿಗಿಹಿಡಿದು ಬಿದ್ದಿದ್ದಳು. ಅವಳ ಎದೆ ಡವಡವ ಹೊಡೆದುಕೊಳ್ಳುವುದು ರಣಭೀಕರನ ಕಿವಿಗೆ ಕೇಳಿಸಿತು.

"ಅಮ್ಮಾ, ನಿನಗೆ ಹೆದರಿಕೆಯಾಗುತ್ತಿದೆಯಾ?" ಎಂದು ಪಿಸುಗುಟ್ಟಿದ.

"ಹೌದು ಮಗಾ. ಸುಮ್ಮನಿರು."

ಅವಳು ಆ ವರ್ಷ ಆಡಿದ ಬುದ್ಧಿಯ ಮಾತು ಅದೊಂದೇ.

ನೀತಿ: ದೊಡ್ಡವರ ಬಲವಿಲ್ಲದೆ ಅವರ ಠೀವಿಯನ್ನಷ್ಟೇ ಮಕ್ಕಳಿಗೆ ಕಲಿಸುವವರು, ಆ ಮಕ್ಕಳನ್ನು ತಾವಾಗಿಯೇ ಶತ್ರುವಿನ ಬಾಯಿಗೆ ಕೊಡುತ್ತಾರೆ.