ಮೋಟಾರಪ್ಪ ಕರೆದ ಸಾಕ್ಷಿ

ಚೆನ್ನಾಜಮ್ಮನವರು ಪಂಪ್‌ಹೌಸಿನ ಹಳೆಯ ಸ್ಟಾರ್ಟರನ್ನು ಬಿಚ್ಚಿ ಮೂಲೆಗಿಟ್ಟು, ಗೋಡೆಗೆ ಹೊಸದನ್ನು ಕೂರಿಸಿದ ದಿನದಿಂದ ನೀರೆತ್ತುವ ಮೋಟಾರಪ್ಪನಿಗೆ ನೆಮ್ಮದಿಯಿಲ್ಲ. ಹಳಬನಾದರೆ ಗುಂಡಿ ಒತ್ತಿದ ಕೂಡಲೇ ಇದ್ದಬದ್ದ ಕರೆಂಟನ್ನೆಲ್ಲ ಸುರಿದುಬಿಡುತ್ತಿದ್ದ. ಈ ಹೊಸಬ ಮೊದಲು ಸ್ವಲ್ಪವೇ ಬಿಡುತ್ತಾನೆ. ಮೋಟಾರಪ್ಪ ಓಟ ಹಿಡಿದ ಮೇಲಷ್ಟೇ ಪೂರ್ತಿ ಕೊಡುತ್ತಾನೆ.

"ಉಳಿದದ್ದು ಯಾರ ಪಾಲಾಗುತ್ತಿದೆಯೋ, ಒಂದು ಕಣ್ಣಿಟ್ಟಿರು," ಎಂದ ಹಳಬ ಮೂಲೆಯಿಂದ. "ನಾನು ಎಂದಾದರೂ ನಿನಗೆ ಕಡಿಮೆ ಮಾಡಿದ್ದೆನೇ?"

ಆ ಮಾತು ಮೋಟಾರಪ್ಪನ ತಲೆ ಕೊರೆಯಿತು. ಬೆಳಿಗ್ಗೆ ಅವನು ಹೊಸಬನನ್ನೇ ಕೇಳಿಬಿಟ್ಟ: "ನನ್ನ ಪಾಲನ್ನು ಎಲ್ಲಿ ಬಚ್ಚಿಡುತ್ತೀಯ?"

"ಬಚ್ಚಿಡುವುದಿಲ್ಲ. ನಿಂತಲ್ಲಿಂದ ಏಳುವಾಗ ನೀನು ಹಿಂದೆಮುಂದೆ ನೋಡದೆ ಕರೆಂಟು ಎಳೆದುಕೊಳ್ಳುತ್ತೀಯ. ಅದಕ್ಕೇ ಮೊದಮೊದಲು ಕೈ ಬಿಗಿ ಹಿಡಿಯುತ್ತೇನೆ."

"ಕಳ್ಳರೆಲ್ಲ ಹೀಗೇ ನಯವಾಗಿ ಮಾತಾಡುತ್ತಾರೆ! ಹಳಬನ ಕಾಲದಲ್ಲಿ ಇಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ. ಬೇಕಾದರೆ ಸಾಕ್ಷಿ ಹೇಳಿಸುತ್ತೇನೆ." ಮೋಟಾರಪ್ಪ ಗೋಡೆಯ ಮೇಲಿನ ಫ್ಯೂಸ್ ತಂತಿಯನ್ನು ಕೂಗಿದ. "ಹೇಳಪ್ಪ, ಹಳಬ ಎಂಥವನು?"

ತೆಳ್ಳನೆಯ ತಂತಿ ತಡವರಿಸಿತು. "ಅವರನ್ನು ಬಿಚ್ಚಿದ ದಿನವೇ ನಾನು ಬಂದದ್ದು, ಅಣ್ಣ. ನನಗಿಂತ ಮೊದಲು ಇಲ್ಲಿದ್ದ ತಂತಿಗಳನ್ನು ಕೇಳಬೇಕು."

"ಸರಿ, ಕರೆ ಅವರನ್ನು!"

"ಎಲ್ಲಿಂದ ಕರೆಯಲಿ? ಹಳಬರ ಕಾಲದಲ್ಲಿ ಅವರೆಲ್ಲ ನೀವು ಏಳುವಾಗಲೇ ಒಬ್ಬೊಬ್ಬರಾಗಿ ಸುಟ್ಟುಹೋದರಂತೆ. ನಾನು ಕೂತಿರುವ ಜಾಗದ ಈ ಮಸಿ ಅವರದೇ."

ಅಷ್ಟರಲ್ಲಿ ಚೆನ್ನಾಜಮ್ಮನವರು ಬಂದು ಗುಂಡಿ ಒತ್ತಿದರು. ಹೊಸಬ ಕೊಟ್ಟಷ್ಟನ್ನೇ ಮೋಟಾರಪ್ಪ ತೆಗೆದುಕೊಂಡು, ಮೇಲಿನ ತಂತಿಯನ್ನೇ ನೋಡುತ್ತ, ಮೆಲ್ಲಗೆ ಎದ್ದ.