ಹೊಸ ಕೊಳವೆ ತಂದ ಗಾಳಿ

ಕಾರಿನ ಎಂಜಿನ್ನಿಗೆ ಗಾಳಿ ತರುತ್ತಿದ್ದ ಹಳೆಯ ಪ್ಲಾಸ್ಟಿಕ್ ಕೊಳವೆಯನ್ನು ಕಿತ್ತು ಡಿಕ್ಕಿಗೆ ಎಸೆದು, ಫಳಫಳ ಹೊಳೆಯುವ ಹೊಸ ಕೊಳವೆಯನ್ನು ಹಾಕಿದ್ದರು. ಘಾಟಿಯ ಚೆಕ್‌ಪೋಸ್ಟಿನಲ್ಲಿ ಬಿಸಿಲಿಗೆ ನಿಂತಿದ್ದ ಕಾರು ಮತ್ತೆ ಏರು ಹತ್ತತೊಡಗಿದಾಗ ಎಂಜಿನ್ ಏದುಸಿರು ಬಿಟ್ಟಿತು. ಹೊರೆ ಹೊತ್ತ ಲಾರಿಯೊಂದು ಅದನ್ನು ಹಿಂದೆ ಹಾಕಿ ಹೋಯಿತು.

"ಏನೋ, ಬೆಂಕಿ ಕುಡಿಸುತ್ತಿದ್ದೀಯಾ?" ಎಂದು ಎಂಜಿನ್ ಗದರಿತು.

"ಗಾಳಿಯೇ ಒಡೆಯಾ! ನಿಮ್ಮ ಗರ್ಜನೆಗೆ ದಾರಿಯವರೆಲ್ಲ ತಿರುಗಿ ನೋಡುತ್ತಿದ್ದಾರೆ," ಎಂದಿತು ಹೊಸ ಕೊಳವೆ.

"ಗರ್ಜಿಸಿದರೆ ಏರು ಹತ್ತುತ್ತದೇನೋ? ಎಲ್ಲಿಂದ ತಂದೆ ಈ ಗಾಳಿ?"

"ನಿಮ್ಮ ಮಗ್ಗುಲಿಂದಲೇ. ನಿಮ್ಮನ್ನು ಬಿಟ್ಟು ನಾನೆಲ್ಲಿಗೆ ಹೋಗಲಿ?"

"ಥೂ! ನನ್ನ ಕಾವನ್ನೇ ನನಗೆ ಉಣಿಸುತ್ತಿದ್ದೀಯಲ್ಲೋ! ಆ ಹಳಬ ಬಾನೆಟ್ಟಿನಾಚೆ ಮೂತಿ ಚಾಚಿ ತಣ್ಣನೆಯ ಗಾಳಿ ತರುತ್ತಿದ್ದ. ಎಲ್ಲಿ ಅವನು?"

ಡಿಕ್ಕಿಯಿಂದ ಹಳೆಯ ಕೊಳವೆ ಕೂಗಿತು: "ಇಲ್ಲೇ ಬಿದ್ದಿದ್ದೇನೆ ಸ್ವಾಮಿ! ನನಗೆ ದನಿಯೇ ಇಲ್ಲವೆಂದು ನಕ್ಕವರು ತಾವೇ."

ಎಂಜಿನ್ ಸಿಟ್ಟಿನಿಂದ ಇನ್ನಷ್ಟು ಕಾವೇರಿತು. ಹೊಸ ಕೊಳವೆ ಆ ಕಾವನ್ನೂ ಬಾಚಿಕೊಂಡು, "ತೆಗೆದುಕೊಳ್ಳಿ ಒಡೆಯಾ," ಎಂದು ಅದರ ಬಾಯಿಗೇ ಸುರಿಯಿತು.